ನೀಲಮ್ಮನ ದನಿ ಮರಳಿದ ಚಳಿಗಾಲ

ಹೋದ ಜನವರಿಯಲ್ಲಿ ಶ್ರವಣ ತಪಾಸಣೆಯ ಶಿಬಿರವೊಂದಕ್ಕೆ ಆಳಂದ ತಾಲ್ಲೂಕಿಗೆ ಹೋಗಬೇಕಾಯಿತು. ಭೂಸನೂರು ಹತ್ತಿರವಾಗುತ್ತಿದ್ದಂತೆ ಸಕ್ಕರೆ ಕಾರ್ಖಾನೆಯ ವಾಸನೆ ಜೀಪಿನೊಳಗೆ ನುಗ್ಗಿತು. ಬೆಲ್ಲ ತುಸು ಸೀದು, ಅದರ ಮೇಲೆ ಹುಳಿ ಬಂದಂಥ ಕಾಕಂಬಿಯ ವಾಸನೆ. ನನ್ನ ಜೊತೆಗಿದ್ದ ವಿದ್ಯಾರ್ಥಿನಿಯರು ಮೂಗಿಗೆ ದುಪಟ್ಟಾ ಹಿಡಿದರು. ನಾನು ಮಾತ್ರ ಅದನ್ನು ಉಸಿರು ತುಂಬ ಎಳೆದುಕೊಂಡೆ. ಏಳು ವರ್ಷಗಳ ಹಿಂದೆ ಇದೇ ವಾಸನೆಯನ್ನು ಅಂಗಿಯ ತುಂಬ ಹೊತ್ತುಕೊಂಡಿದ್ದ ಒಬ್ಬ ಟ್ರ್ಯಾಕ್ಟರ್ ಚಾಲಕ ತನ್ನ ಹೆಂಡತಿಯನ್ನು ತಂದು ನನ್ನೆದುರು ಕೂರಿಸಿದ್ದ. ಅವಳ ಹೆಸರು ನೀಲಮ್ಮ. ಅವಳಿಗೆ ದನಿ ಹೋಗಿತ್ತು. ನಾನು ಅದನ್ನು ಮುಕ್ಕಾಲು ಗಂಟೆಯಲ್ಲಿ ಮರಳಿ ತಂದೆ. ನನ್ನ ಕೆಲಸದಲ್ಲಿ ಅಷ್ಟು ಚೆನ್ನಾಗಿ, ಅಷ್ಟು ಬೇಗ ಆದ ಚಿಕಿತ್ಸೆ ಇನ್ನೊಂದಿಲ್ಲ. ಅದನ್ನು ನೆನೆದರೆ ಆಗುವಷ್ಟು ನೋವು ಕೂಡ ಇನ್ನೊಂದರಿಂದ ಆಗುವುದಿಲ್ಲ.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ಊರು ಮಂಡ್ಯದ ಕಡೆ. ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಚಿಕಿತ್ಸೆ ಓದಿ ಮುಗಿಸಿ, ಒಂದು ವರ್ಷದ ಗುತ್ತಿಗೆ ಕೆಲಸಕ್ಕೆಂದು ಕಲಬುರಗಿಗೆ ಬಂದಿದ್ದೆ. ತಾಲ್ಲೂಕು ಆಸ್ಪತ್ರೆಗಳ ಸುತ್ತು: ಸೋಮವಾರ ಆಳಂದ, ಬುಧವಾರ ಅಫಜಲಪುರ, ಶುಕ್ರವಾರ ಜೇವರ್ಗಿ. ಹೆಗಲ ಚೀಲದಲ್ಲಿ ಒಂದು ಸ್ಟಾಪ್‌ವಾಚು, ಒಂದು ಸಣ್ಣ ರೆಕಾರ್ಡರು, ಟಾರ್ಚು, ಒಂದು ಕಟ್ಟು ನಮೂನೆ ಹಾಳೆ. ಬರುತ್ತಿದ್ದವರಲ್ಲಿ ಮಾತು ತಡವಾದ ಮಕ್ಕಳೇ ಹೆಚ್ಚು. ಆದರೆ ನನಗೆ ನಿಜವಾದ ಆಸೆ ಇದ್ದದ್ದು ದನಿ ಕೆಟ್ಟು ಬರುವ ದೊಡ್ಡವರ ಮೇಲೆ.

ದನಿಯನ್ನು ಮೊದಲು ಪರೀಕ್ಷಿಸುವುದು ಕಿವಿಯಿಂದಲೇ. ಉಸಿರು ಮುಗಿಯುವ ತನಕ ‘ಆ’ ಎಂದು ಎಳೆಯಲು ಹೇಳಿ ಸೆಕೆಂಡು ನೋಡುತ್ತೇವೆ. ಆಮೇಲೆ ಮಾತಾಡಿಸುತ್ತೇವೆ. ದನಿ ಎಷ್ಟು ಒರಟಾಗಿದೆ, ಎಷ್ಟು ಉಸಿರು ಸೋರುತ್ತಿದೆ, ಎಷ್ಟು ಸೊರಗಿದೆ, ಎಷ್ಟು ಬಿಗಿದುಕೊಂಡಿದೆ ಎಂದು ಒಂದೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ ಹಾಕುತ್ತೇವೆ. ಹಾಗೆ ಕೇಳುವಾಗ ಮಾತಿನ ಅರ್ಥದ ಹಿಂದೆ ಹೋಗಬಾರದು ಎಂದು ನಮಗೆ ಕಲಿಸಿದ್ದರು. ಅರ್ಥದ ಹಿಂದೆ ಹೋದ ಕಿವಿಗೆ ದನಿ ತಪ್ಪಿಹೋಗುತ್ತದೆ. ನಾನು ಅದರಲ್ಲಿ ತರಗತಿಗೇ ಮೊದಲಿಗಳು. ಮೇಲಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಜನರ ಮಾತು ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಅದೂ ಅನುಕೂಲವೇ ಆಯಿತೆಂದು ಗೆಳತಿಯರಿಗೆ ಫೋನಿನಲ್ಲಿ ಹೇಳಿ ನಕ್ಕಿದ್ದೆ.

ಈ ಕಡೆಯವರು ತಮ್ಮ ರೋಗವನ್ನು ನನ್ನ ಪುಸ್ತಕಗಳಿಗಿಂತ ಚೆನ್ನಾಗಿ ಹೇಳುತ್ತಿದ್ದರು. “ಗಂಟಲಾ ಕುಂತದ್ರಿ” ಎನ್ನುವರು. “ಆವಾಜ ಒಡದದ್ರಿ” ಎನ್ನುವರು. ಅಂದೋಲಾದ ಕಡೆಯಿಂದ ಜೇವರ್ಗಿಗೆ ಬಂದ ಭಜನೆ ಹಾಡುವ ಹಿರಿಯರೊಬ್ಬರು “ದನಿ ಮ್ಯಾಲ ಏರವಲ್ದ್ರಿ ತಂಗಿ, ನಡುವ ಕಾಲ ಜಾರ್ತದ” ಎಂದಿದ್ದರು. ಕೇಳಿದ ಕೂಡಲೇ ಧ್ವನಿತಂತುಗಳ ಮೇಲೆ ಗಂಟು ಇರಬೇಕು ಎಂದು ಬರೆದೆ. ಕಲಬುರಗಿಯಲ್ಲಿ ಗಂಟಲೊಳಗೆ ದರ್ಶಕದ ಕೊಳವೆ ಹಾಕಿ ನೋಡಿದಾಗ ಅದೇ ಇತ್ತು. ಇಂಥ ಮೂರು ನಾಲ್ಕು ನಿಜವಾದ ಮೇಲೆ ನನ್ನ ಕಿವಿಯ ಮೇಲೆ ನನಗೆ ವಿಪರೀತ ನಂಬಿಕೆ ಬಂದುಬಿಟ್ಟಿತ್ತು.

ಆ ವರ್ಷ ಚಳಿ ಜೋರಾಗಿತ್ತು. ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಗಾಜು ಸರಿಯಾಗಿ ಮುಚ್ಚದೆ ಕಿವಿ ಮರಗಟ್ಟುತ್ತಿತ್ತು. ಹೊಲಗಳಲ್ಲಿ ತೊಗರಿ ಕೊಯ್ದಾಗಿ, ಬಿಳಿಜೋಳ ತೆನೆಗೆ ಬಂದು ನಿಂತಿತ್ತು. ರಸ್ತೆಯ ತುಂಬ ಎರಡೆರಡು ಟ್ರಾಲಿ ಎಳೆದುಕೊಂಡು ಕಬ್ಬಿನ ಟ್ರ್ಯಾಕ್ಟರುಗಳು. ಒಂದರ ಹಿಂದೆ ಸಿಕ್ಕಿಕೊಂಡರೆ ಬಸ್ಸು ಅರ್ಧ ಗಂಟೆ ತಡ. ಅಂಥ ಒಂದು ಸೋಮವಾರ ನಾನು ತಡವಾಗಿ ಆಳಂದದ ನನ್ನ ಕೋಣೆಗೆ ಬಂದಾಗ, ಬಾಗಿಲ ಮುಂದೆ ಆ ಗಂಡಹೆಂಡತಿ ಕಾಯುತ್ತಿದ್ದರು.

ಗಂಡ ಶರಣಪ್ಪ. ಊರು ಅಫಜಲಪುರ ತಾಲ್ಲೂಕಿನಲ್ಲಿ, ಸೊನ್ನದ ಬ್ಯಾರೇಜಿಗೆ ಹೆಚ್ಚು ದೂರವಲ್ಲದ ಒಂದು ಹಳ್ಳಿ, ಹೆಸರು ಬೇಡ. ಭೂಸನೂರಿಗೆ ಕಬ್ಬು ತಂದವನು, ಬುಧವಾರದ ತನಕ ಕಾಯಲಾರದೆ ಹೆಂಡತಿಯನ್ನು ಬಸ್ಸಿನಲ್ಲಿ ಇಲ್ಲಿಗೇ ಕರೆಸಿಕೊಂಡಿದ್ದ.

“ಮೇಡಮ್ಮಾರ, ಈಕಿ ಆವಾಜ ಹೋಗಿ ಹನ್ನೆರಡು ದಿನಾ ಆತ್ರಿ. ಗುರುವಾರ ಸಾಲ್ಯಾಗ ಎನ್‌ಕ್ವಾಯರಿ ಅದ. ಈಕಿ ಹೇಳಿಕಿ ಕೊಡಬೇಕು. ಅದರೊಳಗ ಹ್ಯಾಂಗರ ಮಾಡಿ ದನಿ ಬರೂಹಂಗ ಮಾಡ್ರಿ.”

ಆಗಿದ್ದು ಇಷ್ಟು ಎಂದು ಅವನೇ ಹೇಳಿದ. ನೀಲಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಸಹಾಯಕ ಅಡುಗೆಯವಳು. ಮುಖ್ಯ ಅಡುಗೆಯವಳು ಹಸೀನಾಬಿ ಎಂಬ ಹಿರಿಯ ಹೆಂಗಸು, ಊರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಎರಡು ವಾರದ ಹಿಂದೆ ಕುದಿಯುವ ಬೇಳೆಯ ಪಾತೇಲಿ ಒಲೆಯ ಮೇಲಿಂದ ಉರುಳಿ, ನೀರು ಕುಡಿಯಲು ಬಂದಿದ್ದ ನಾಲ್ಕನೇ ಇಯತ್ತೆಯ ಹುಡುಗಿಯ ಕಾಲಿನ ಮೇಲೆ ಚೆಲ್ಲಿತ್ತು. ಹುಡುಗಿ ಬದುಕಿಕೊಂಡಿದ್ದಳು, ಗಾಯ ಮಾಯುತ್ತಿತ್ತು. ವಿಚಾರಣೆಯ ನೋಟೀಸು ಮನೆಗೆ ಬಂದ ಮರುದಿನ ಬೆಳಿಗ್ಗೆ ನೀಲಮ್ಮ ಎದ್ದಾಗ ಅವಳಿಗೆ ದನಿ ಇರಲಿಲ್ಲ. ಶುಂಠಿ, ಮೆಣಸು, ಜೇನು, ಗುಳಿಗೆ ಎಲ್ಲ ಆಗಿತ್ತು. ಕಲಬುರಗಿಯ ಗಂಟಲು ವೈದ್ಯರು ದರ್ಶಕ ಹಾಕಿ ನೋಡಿ ಚೀಟಿ ಬರೆದುಕೊಟ್ಟಿದ್ದರು: ಧ್ವನಿತಂತುಗಳು ಆರೋಗ್ಯವಾಗಿವೆ; ಕೆಮ್ಮಿದಾಗ ಸರಿಯಾಗಿ ಕೂಡುತ್ತವೆ, ಮಾತಾಡಲು ಹೋದಾಗ ಕೂಡುವುದಿಲ್ಲ.

ನೀಲಮ್ಮನಿಗೆ ಮೂವತ್ತೈದರ ಒಳಗಿನ ವಯಸ್ಸು. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಖುರ್ಚಿಯ ತುದಿಯಲ್ಲಿ ಕೂತಿದ್ದಳು. ಹೆಸರು ಕೇಳಿದೆ. ತುಟಿ ಆಡಿತು, ಗಾಳಿ ಮಾತ್ರ ಬಂತು. ಕೆಮ್ಮಲು ಹೇಳಿದೆ. ಕೆಮ್ಮು ಗಟ್ಟಿಯಾಗಿ, ತುಂಬು ದನಿಯಲ್ಲಿ ಕೇಳಿಸಿತು. ಅಷ್ಟು ಸಾಕಾಗಿತ್ತು. ಪುಸ್ತಕದಲ್ಲಿ ಓದಿದ್ದು, ಕಣ್ಣಾರೆ ಕಂಡಿರಲಿಲ್ಲ: ಅಂಗದಲ್ಲಿ ದೋಷವಿಲ್ಲದೆ, ಮನಸ್ಸಿನ ಒತ್ತಡಕ್ಕೆ ದನಿ ನಿಂತುಹೋಗುವುದು. ಇದು ನಟನೆಯಲ್ಲ. ಆ ಮನುಷ್ಯ ಎಷ್ಟು ಪ್ರಯತ್ನಪಟ್ಟರೂ ದನಿ ಬರುವುದಿಲ್ಲ, ಯಾಕೆ ಬರುವುದಿಲ್ಲವೆಂದು ಅವರಿಗೂ ಗೊತ್ತಿರುವುದಿಲ್ಲ. ಇಂಥವರು ಸಿಕ್ಕರೆ ಅವಸರ ಮಾಡಬೇಡಿ, ಆ ದನಿ ನಿಂತುಹೋಗಿ ಅವರನ್ನು ಯಾವುದರಿಂದ ಕಾಯುತ್ತಿದೆ ಎಂದು ಮೊದಲು ತಿಳಿದುಕೊಳ್ಳಿ, ಬೇಕಾದರೆ ಮನೋವೈದ್ಯರ ಹತ್ತಿರ ಕಳಿಸಿ ಎಂದು ನಮ್ಮ ಮೇಡಂ ಪಾಠ ಮಾಡಿದ್ದರು. ನನ್ನ ನಮೂನೆಯಲ್ಲೂ ಅದಕ್ಕೊಂದು ಸಾಲು ಇತ್ತು: ದನಿ ಹೋಗುವ ಮುನ್ನ ನಡೆದ ಘಟನೆ. ನಾನು ‘ಶಾಲೆಯಲ್ಲಿ ಅಪಘಾತ, ಹೆದರಿಕೆ’ ಎಂದು ತುಂಬಿ ಮುಂದಿನ ಸಾಲಿಗೆ ಹೋದೆ.

ಅವಸರಕ್ಕೆ ಕಾರಣಗಳಿದ್ದವು. ಗುರುವಾರಕ್ಕೆ ಮೂರೇ ದಿನ. ಶರಣಪ್ಪ ಬಾಗಿಲಲ್ಲೇ ನಿಂತಿದ್ದ. ಇಂಥದ್ದನ್ನು ನೋಡಿರದ ಇಬ್ಬರು ನರ್ಸುಗಳೂ ಬಂದು ಗೋಡೆಗೆ ಒರಗಿದ್ದರು. ಆದರೆ ನಿಜ ಹೇಳಬೇಕೆಂದರೆ, ಅವರ ಮುಂದೆ ಆ ದನಿಯನ್ನು ನಾನು ತರಬೇಕು ಎನ್ನುವ ಹಂಬಲವೇ ದೊಡ್ಡದಾಗಿತ್ತು.

ರೆಕಾರ್ಡರ್ ಚಾಲೂ ಮಾಡಿ ಮೇಜಿನ ಮೇಲಿಟ್ಟೆ. ನೀಲಮ್ಮ ಅದನ್ನೇ ನೋಡುತ್ತ ನನ್ನ ಕಡೆ ಬಾಗಿ ಪಿಸುಗುಟ್ಟಿದಳು.

“ದನಿ ಬಂದ್ರ ಹೇಳಬೇಕಾಗ್ತದಲ್ರಿ, ಮೇಡಮ್ಮಾರ?”

“ಹೂಂ ಕಣಮ್ಮ, ಎಲ್ಲಾನೂ ಹೇಳಬಹುದು. ಹೆದರ್ಕೋಬೇಡಿ” ಎಂದೆ. ಹೇಳುತ್ತಲೇ ಹಾಳೆಯಲ್ಲಿ ಉಸಿರು ಸೋರಿಕೆಗೆ ಮೂರು ಅಂಕ ಹಾಕಿದೆ.

ಮತ್ತೆ ಕೆಮ್ಮಿಸಿದೆ. ಕೆಮ್ಮಿನ ಕೊನೆಯನ್ನು ಸ್ವಲ್ಪ ಎಳೆಯಲು ಹೇಳಿದೆ. ಬಾಯಿ ಮುಚ್ಚಿಕೊಂಡು ‘ಹ್ಞೂಂ’ ಅನ್ನಿಸಿದೆ. ಮೂಗಿನ ಪಕ್ಕ ಅವಳದೇ ಬೆರಳು ಇಡಿಸಿ ಅಲ್ಲಿ ಆಗುವ ಕಂಪನ ತೋರಿಸಿದೆ. ‘ಹ್ಞೂಂ’ ಇಷ್ಟಿಷ್ಟೇ ಉದ್ದವಾಯಿತು. ಅದಕ್ಕೆ ‘ಮ’ ಸೇರಿಸಿದೆ, ‘ಮಾ’ ಆಯಿತು. ಒಂದು, ಎರಡು ಎಂದು ಎಣಿಸಿದಳು. ವಾರಗಳ ಹೆಸರು ಹೇಳಿಸಿದೆ. ಸೋಮವಾರ, ಮಂಗಳವಾರ, ಬುಧವಾರ ತುಂಬು ದನಿಯಲ್ಲಿ ಬಂದವು. ಗುರುವಾರ ಎನ್ನುವಾಗ ದನಿ ಮತ್ತೆ ಗಾಳಿಯಾಯಿತು. ನಾನು ಬಿಡಲಿಲ್ಲ. ಎರಡು ಸಲ, ಮೂರು ಸಲ ಹೇಳಿಸಿದೆ. ನಾಲ್ಕನೆಯ ಸಲ ಅದೂ ಸ್ಪಷ್ಟವಾಗಿ ಬಂತು.

ನರ್ಸುಗಳು ಚಪ್ಪಾಳೆ ತಟ್ಟಿದರು. “ಮೇಡಮ್ಮಾರ, ನಿಮ್ಮ ಕೈಗುಣಾನೇ ಕೈಗುಣ ನೋಡ್ರಿ. ಈಗ ಗುರುವಾರದ ಫಿಕೀರ ಇಲ್ಲ” ಎಂದು ಶರಣಪ್ಪ ಕೈ ಮುಗಿದ. ನೀಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ‘ದನಿ ಪೂರ್ಣ ಮರಳಿದೆ. ರೋಗಿಗೆ ಆನಂದಬಾಷ್ಪ’ ಎಂದು ನಾನು ಹಾಳೆಯಲ್ಲಿ ಬರೆದೆ. ಆ ಹಾಳೆಯ ಪ್ರತಿ ಇನ್ನೂ ನನ್ನ ಹತ್ತಿರವಿದೆ.

ಮರುವಾರದ ಬುಧವಾರ ಅಫಜಲಪುರಕ್ಕೆ ಮರುತಪಾಸಣೆಗೆ ಅವಳು ಒಬ್ಬಳೇ ಬಂದಳು. ‘ಆ’ ಎಳೆಯಲು ಹೇಳಿದೆ. ಹತ್ತೊಂಬತ್ತು ಸೆಕೆಂಡು, ಒಂದು ಕಡೆಯೂ ಒಡೆಯದ ದನಿ. ಎಲ್ಲ ಕಾಲಮ್ಮಿಗೂ ಸೊನ್ನೆ ಹಾಕಿ, “ನನಗಿಂತ ಚೆನ್ನಾಗಿದೆ ನಿಮ್ಮ ದನಿ” ಎಂದೆ. ಅವಳು ನಗಲಿಲ್ಲ.

“ನಾ ಸುಳ್ಳ ಹೇಳೀನ್ರಿ ಮೇಡಮ್ಮಾರ.”

“ಯಾವಾಗ?”

“ಗುರುವಾರ, ಸಾಲ್ಯಾಗ. ಹಸೀನಾ ಖಾಲಾ ಒಲಿ ಬಿಟ್ಟು ಹೊರಗ ಹೋಗಿದ್ಲು ಅಂತ ಸಾಹೇಬರ ಮುಂದ ಹೇಳೀನಿ. ಆಕಿ ಎಲ್ಲೂ ಹೋಗಿರ್ಲಿಲ್ರಿ. ಒಲಿ ಮುಂದೇ ನಿಂತಿದ್ಲು. ಒಲೀದು ಒಂದು ಕಾಲ ಮುರದು ಮೂರು ತಿಂಗಳಾಗಿತ್ತು. ಇಟ್ಟಂಗಿ ಇಟ್ಟು ಅಡಗಿ ಮಾಡ್ತಿದ್ದೆವು. ಹೆಡ್ ಮಾಸ್ತರಿಗಿ ಹೇಳೀವಿ, ಸಾಲಿ ಕಮಿಟಿ ಅಧ್ಯಕ್ಷರಿಗಿ ಹೇಳೀವಿ. ನಾಳಿ ಮಾಡಸ್ತೀವಿ, ನಾಡದು ಮಾಡಸ್ತೀವಿ ಅಂದ್ರು. ಆ ದಿನ ಇಟ್ಟಂಗಿ ಸರದು ಪಾತೇಲಿ ವಾಲ್ತು. ಖಾಲಾ ಬರಿಗೈಲೆ ಹಿಡೀಲಾಕ ಹೋಗಿ ಕೈ ಸುಟಗೊಂಡ್ಲು. ಹುಡುಗೀನ್ನ ಎತಗೊಂಡು ಓಡಿದಾಕಿನೂ ಆಕೀನೇ.”

“ಮತ್ತೆ ಯಾಕಮ್ಮ ಹಾಗೆ ಹೇಳಿದ್ರಿ?”

“ಅಧ್ಯಕ್ಷರು ಹೇಳಿಕೊಟ್ಟಿದ್ರು. ನಮ್ಮನಿಯವರು ಓಡ್ಸೂ ಟ್ರ್ಯಾಕ್ಟರ ಅವರದು. ನಾವಿರೂ ಮನಿ ಅವರ ಜಾಗಾದಾಗ ಅದ.” ಮತ್ತೆ ಹೇಳಿದಳು: “ದನಿ ಹೋಗಿದ್ದಾಗ ನಂಗ ಭಾಳ ಹೆದರಿಕಿ ಆಗಿತ್ರಿ. ಖರೇ, ಒಳಗೊಳಗ ಸಮಾಧಾನನೂ ಇತ್ತು. ಬಾಯೇ ಇಲ್ಲದಾಕಿನ್ನ ಯಾರು ಏನ ಕೇಳ್ತಾರ ಅಂತ.”

ಅವಳು ಮೇಜಿನ ಮೇಲಿದ್ದ ರೆಕಾರ್ಡರನ್ನು ನೋಡುತ್ತ ಕೇಳಿದಳು:

“ಅದನ್ನ ಹೊಳ್ಳಿ ತಗೀಲಾಕ ಬರ್ತದೇನ್ರಿ?”

“ಯಾವುದನ್ನ?”

“ದನಿ.”

“ಹಂಗೆಲ್ಲ ಮಾತಾಡಬಾರದು ನೀಲಮ್ಮ” ಎಂದೆ. ಅಂಥ ಪ್ರಶ್ನೆಗೆ ಇಷ್ಟು ಬಡ ಉತ್ತರ ಯಾರೂ ಕೊಟ್ಟಿರಲಾರರು. ಹೋಗುವಾಗ ಅವಳು ಬಾಗಿಲಲ್ಲಿ ನಿಂತು, “ನಾ ಹೇಳಾಕ ಆಗಲ್ರಿ. ನೀವ ಓದಿದವರು. ನೀವರ ಒಂದು ಚೀಟಿ ಬರೀರಿ ಸಾಹೇಬರಿಗಿ. ನಾ ಹೇಳೀನಂತ ಬರದ್ರೂ ಆಗ್ಲಿ” ಎಂದಳು. ನೋಡ್ತೀನಿ ಎಂದೆ.

ಅಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಆಳಂದದ ರೆಕಾರ್ಡಿಂಗ್ ಕೇಳಿದೆ. ಅವಳ ಪಿಸುಮಾತು ಚೆನ್ನಾಗಿಯೇ ಕೇಳಿಸುತ್ತಿತ್ತು. ಹೇಳಬೇಕಾಗ್ತದಲ್ರಿ, ಎಂದಿದ್ದಳು. ಹೇಳಬಹುದು, ಎಂದಿದ್ದೆ ನಾನು. ಅವಳು ಹೇಳಬೇಕಾಗುತ್ತದೆಂದು ನಡುಗುತ್ತಿದ್ದಳು. ನಾನು ಹೇಳಬಹುದೆಂದು ಧೈರ್ಯ ತುಂಬುತ್ತಿದ್ದೆ. ಅವಳ ಭಾಷೆ ತಿಳಿಯಲಿಲ್ಲ ಎಂದು ತಪ್ಪಿಸಿಕೊಳ್ಳುವಂತಿರಲಿಲ್ಲ. ಅಷ್ಟು ಹೊತ್ತಿಗೆ ಇಲ್ಲಿಯ ಮಾತು ನನಗೆ ಚೆನ್ನಾಗಿ ತಿಳಿಯುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ, ಅಷ್ಟೇ. ಅವಳಿಗೆ ದನಿ ಬರಲು ಇನ್ನೂ ಎರಡು ವಾರ ಬೇಕು, ಅಲ್ಲಿಯ ತನಕ ಹೇಳಿಕೆ ಕೇಳಬೇಡಿ ಎಂದು ನಾನು ಬರೆದುಕೊಡಬಹುದಿತ್ತು. ವೈದ್ಯಕೀಯವಾಗಿಯೂ ಅದು ಸರಿಯಾದ ಮಾತೇ ಆಗುತ್ತಿತ್ತು. ಆ ಎರಡು ವಾರದಲ್ಲಿ ಅಧಿಕಾರಿಗಳು ಒಲೆಯ ಕಡೆ ನೋಡುತ್ತಿದ್ದರೇನೋ. ಸುಟ್ಟುಕೊಂಡ ಆ ಹುಡುಗಿಯನ್ನೇ ಯಾರಾದರೂ ಕೇಳುತ್ತಿದ್ದರೇನೋ.

ಪತ್ರ ಬರೆದೆ. ಎರಡು ಪುಟ. ಕಳಿಸುವ ಮುನ್ನ ಕಲಬುರಗಿಯಲ್ಲಿದ್ದ ನನ್ನ ಮೇಲಿನವರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ. ಓದಿ, ಕನ್ನಡಕ ತೆಗೆದು, “ರೋಗಿ ನಮ್ಮ ಮುಂದೆ ಹೇಳಿದ್ದು ನಮ್ಮ ಹತ್ರನೇ ಇರಬೇಕು. ನಾಳೆ ಆಕೆಯನ್ನ ಕರೆದು ಕೇಳಿದ್ರೆ ಆಕೆ ಇಲ್ಲ ಅಂತಾಳೆ. ಆಗ ಆಕೆಗೂ ತೊಂದ್ರೆ, ನಿಮಗೂ ತೊಂದ್ರೆ. ನಮ್ಮ ಕೆಲಸ ದನಿಯದು” ಎಂದರು. ಸುಳ್ಳೇನಲ್ಲ. ಆದರೆ ಬರೆಯಿರಿ ಎಂದು ನೀಲಮ್ಮ ತಾನೇ ಕೇಳಿದ್ದಳು. ಅದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಕಳಿಸಿ ಎನ್ನುತ್ತಿದ್ದರೋ ಏನೋ ಎಂಬ ಭಯವಿತ್ತು. ಪತ್ರವನ್ನು ಮಡಚಿ ಚೀಲದ ಒಳಜೇಬಿನಲ್ಲಿಟ್ಟೆ. ಬರುವ ವಾರ ಕಳಿಸೋಣ ಎಂದುಕೊಳ್ಳುತ್ತ ಆಳಂದಕ್ಕೆ ಹೋದೆ, ಅಫಜಲಪುರಕ್ಕೆ ಹೋದೆ, ಜೇವರ್ಗಿಗೆ ಹೋದೆ. ಪ್ರತಿ ಶುಕ್ರವಾರ ಸಂಜೆ ಅದು ಚೀಲದಲ್ಲೇ ಮರಳಿ ಬರುತ್ತಿತ್ತು. ಆ ತಿಂಗಳ ಸಭೆಯಲ್ಲಿ ನೀಲಮ್ಮನ ಹೆಸರು ಮರೆಮಾಡಿ, ದನಿ ಇಲ್ಲದಾಗಿನದು ಮತ್ತು ಬಂದಮೇಲಿನದು ಎರಡೂ ರೆಕಾರ್ಡಿಂಗ್ ಕೇಳಿಸಿದರು. ಎಲ್ಲರೂ ನನ್ನನ್ನು ಹೊಗಳಿದರು. ನಾನು ಎದ್ದು ನಿಂತು ಧನ್ಯವಾದ ಹೇಳಿದೆ.

ಶಿವರಾತ್ರಿ ಕಳೆಯಿತು. ಚಳಿ ಹಿಂದಾಗಿ ಬಿಸಿಲು ಏರಿತು. ಎರೆ ಹೊಲಗಳಲ್ಲಿ ಬಿರುಕು ಕಾಣಿಸಿದವು. ಕಬ್ಬಿನ ಟ್ರ್ಯಾಕ್ಟರುಗಳು ಒಂದೊಂದಾಗಿ ಕಡಿಮೆಯಾದವು. ನನಗೆ ಬೇರೆ ಜಿಲ್ಲೆಯಲ್ಲಿ ಕಾಯಂ ಕೆಲಸ ಸಿಕ್ಕಿತು. ಹೋಗುವ ಮುನ್ನ, ಅಫಜಲಪುರದ ನನ್ನ ಕೊನೆಯ ಬುಧವಾರ, ಬೇಗ ಕೆಲಸ ಮುಗಿಸಿ ಆ ಹಳ್ಳಿಯ ಬಸ್ಸು ಹತ್ತಿದೆ. ಯಾಕೆ ಹೋಗುತ್ತಿದ್ದೇನೆಂದು ನನಗೇ ಸ್ಪಷ್ಟವಿರಲಿಲ್ಲ. ಶಾಲೆಯ ಮುಂದೆ ಇಳಿದು ಹಸೀನಾಬಿಯ ಮನೆ ಕೇಳಿದೆ. ಅವಳ ಕೆಲಸ ಹೋಗಿದೆ ಎಂದು ದಾರಿ ತೋರಿಸಿದವರೇ ಹೇಳಿದರು.

ಅವಳು ಹೊಸ್ತಿಲ ಹತ್ತಿರ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಬಲಗೈ ಮೊಣಕೈ ತನಕ ತೊಗಲು ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಎರಡು ಬೆರಳು ನೆಟ್ಟಗಾಗುತ್ತಿರಲಿಲ್ಲ. ನಾನು ಯಾರೆಂದು ಹೇಳಿದೆ. ನೀಲಮ್ಮನಿಗೆ ದನಿ ತಂದವಳು ನಾನೇ ಎಂದೆ.

“ಹೌದೇನ್ರಿ? ಬರ್ರಿ, ಕೂಡ್ರಿ. ಚಾ ಮಾಡ್ತೇನಿ” ಎಂದಳು.

ಚಹಾ ಬೇಡವೆಂದರೂ ಕೇಳಲಿಲ್ಲ. ಕೆಲಸ ಹೋದದ್ದನ್ನು ನಾನೇ ಕೆದಕಬೇಕಾಯಿತು. “ಹದಿನಾರು ವರ್ಷ ಮಾಡೀನ್ರಿ. ಅಲ್ಲಿ ಉಂಡ ಮಕ್ಕಳು ಈಗ ತಮ್ಮ ಮಕ್ಕಳನ್ನ ಅದೇ ಸಾಲಿಗಿ ಕಳಸ್ತಾರ” ಎಂದಳು. ಅವಳ ಜಾಗಕ್ಕೆ ಅಧ್ಯಕ್ಷರ ಕಡೆಯವಳೊಬ್ಬಳು ಬಂದಿದ್ದಳು. ಹೊಸ ಒಲೆಯೂ ಬಂದಿತ್ತು.

“ನಿಮಗೆ ನೀಲಮ್ಮನ ಮೇಲೆ ಸಿಟ್ಟಿಲ್ವಾ?”

“ಗುಸ್ಸಾ ಇತ್ರಿ. ಈಗ ಇಲ್ಲ. ಆಕಿ ಮನಿ ಹಾಲತ್ ನಂಗ ಗೊತ್ತದ.” ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. “ಒಂದು ಮಾತ ಹೇಳ್ಲೇನ್ರಿ? ದನಿ ಇಲ್ಲದಾಗ ಆಕಿ ದಿನಾ ಸಂಜಿಕ ಬರ್ತಿದ್ಲು. ಈ ಕೈಗಿ ಮುಲಾಮ ಹಚ್ಚತಿದ್ಲು. ಬಾಯಿ ಇರ್ಲಿಲ್ಲ, ಹಚ್ಚಿ ಸುಮ್ಮ ಕುಂತು ಎದ್ದು ಹೋಗ್ತಿದ್ಲು. ದನಿ ಬಂದ ಮ್ಯಾಗ ಒಂದಿನಾನೂ ಬಂದಿಲ್ಲ.”

ನಾನು ಚಹಾ ಕುಡಿದೆ. ಕ್ಷಮೆ ಕೇಳದೆಯೇ ಎದ್ದೆ. ಹಸೀನಾಬಿ ಬಾಗಿಲ ತನಕ ಬಂದಳು.

“ನೀಲವ್ವನ ಮನಿ ನಿಮ್ಮ ದಾರ್ಯಾಗೇ ಅದ, ಬೇವಿನ ಗಿಡದ ಬಾಜೂಕ. ಜರಾ ಹೇಳ್ರಿ ಆಕಿಗಿ, ಖಾಲಾಗ ಗುಸ್ಸಾ ಇಲ್ಲ, ಬಾ ಅಂದಾಳ ಅಂತ. ನಾನೇ ಹೋದ್ರ ಆಕಿ ಒಳಗ ಹೋಗಿ ಬಾಗಿಲಾ ಹಾಕೋತಾಳ. ನೀವ ಹೇಳಿದ್ರ ಕೇಳ್ತಾಳ.”

“ಹೇಳ್ತೀನಿ” ಎಂದೆ.

ಬೇವಿನ ಮರ ಕಾಣಿಸಿತು. ಮನೆಯ ಹಿತ್ತಿಲಿನಲ್ಲಿ ನೀಲಮ್ಮ ಯಾವುದೋ ಕರುವನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಒರಟಿಲ್ಲ, ಸೋರಿಕೆಯಿಲ್ಲ, ಬಿಗಿತವಿಲ್ಲ. ನಾನು ತಂದ ದನಿ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೋದರೆ ಪತ್ರ ಏನಾಯಿತೆಂದು ಅವಳು ಕೇಳುತ್ತಾಳೆ ಅನ್ನಿಸಿತು. ತಲೆ ತಗ್ಗಿಸಿಕೊಂಡು ಆ ಮನೆಯನ್ನು ದಾಟಿ ನಡೆದೆ.

ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೇ ಹೇಳಲಾಗಲಿಲ್ಲ ಎಂದು ಏಳು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಬಸ್ಸು ಬರಲು ಇನ್ನೂ ಒಂದು ಗಂಟೆ ಇತ್ತು. ಶಾಲೆಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಅಷ್ಟೂ ಹೊತ್ತು ನಾನು ಸುಮ್ಮನೆ ಕೂತಿದ್ದೆ.